ಕಾಲು ಮೊದಲು, ಅರಿವು ಆಮೇಲೆ: ಚಾಲಕ ತನ್ನ ಹೊಣೆಯನ್ನು ಲೆಕ್ಕ ಹಾಕುವ ಬಗೆ

ಲಾರಿ, ಬಸ್ಸು ಓಡಿಸಲು ಕಲಿಯುವ ಹುಡುಗರಿಗೆ ಪಾಠ ಹೇಳುವುದು ನನ್ನ ಕೆಲಸ. ಗಾಡಿಯನ್ನು ಎಲ್ಲಾದರೂ ತಾಗಿಸಿಕೊಂಡು ಬಂದವರ ಬಾಯಲ್ಲಿ ನಾನು ಹೆಚ್ಚು ಕೇಳಿದ ಮಾತು ಒಂದೇ: "ಸಾರ್, ನನಗೆ ಗೊತ್ತಾಗೋದ್ರೊಳಗೆ ಆಗಿಹೋಯ್ತು." ಇದು ಸುಳ್ಳು ನೆಪ ಅಂತ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ, ಏಕೆಂದರೆ ಬಹಳ ಸಲ ಅದು ಅಕ್ಷರಶಃ ನಿಜ. ಆದರೆ ಆ ಮಾತು ಹೇಳಿ ಕೈ ತೊಳೆದುಕೊಳ್ಳುವವರು ಕೆಲವರು, ಅದನ್ನೇ ನೆನೆದು ವರ್ಷಗಟ್ಟಲೆ ನಿದ್ದೆಗೆಟ್ಟವರು ಕೆಲವರು. ಇಬ್ಬರೂ ಹೊಣೆಯನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಸರಿಯಾದ ಜಾಗ ಹುಡುಕುವುದನ್ನು ಕಲಿಯಬಹುದು. ಅದಕ್ಕೆ ಒಂದು ಸ್ಕೇಲು, ಸ್ವಲ್ಪ ಲೆಕ್ಕ, ಒಂದಿಷ್ಟು ಪ್ರಾಮಾಣಿಕತೆ ಸಾಕು.

ಮೊದಲು ನಿಮ್ಮ ಕೈಯನ್ನೇ ಅಳೆಯಿರಿ

30 ಸೆಂಟಿಮೀಟರಿನ ಸ್ಕೇಲನ್ನು ಸ್ನೇಹಿತರ ಕೈಗೆ ಕೊಡಿ. ಅವರು ಅದನ್ನು ಮೇಲಿನ ತುದಿಯಲ್ಲಿ ಹಿಡಿದು ನೇರವಾಗಿ ಇಳಿಬಿಡಲಿ. ಸೊನ್ನೆಯ ತುದಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರಲಿ, ಬೆರಳು ತಾಗುವುದು ಬೇಡ. ಅವರು ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. 15 ಸೆಂಟಿಮೀಟರಿನಲ್ಲಿ ಹಿಡಿದರೆ ನಿಮ್ಮ ಕೈ ಸುಮಾರು 0.17 ಸೆಕೆಂಡಿನಲ್ಲಿ ಎಚ್ಚೆತ್ತಿತು ಎಂದರ್ಥ, 20ರಲ್ಲಿ ಹಿಡಿದರೆ 0.2 ಸೆಕೆಂಡು.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: "ಹಿಡಿಯೋಣ" ಎಂದು ತೀರ್ಮಾನಿಸಿದ್ದು ಯಾವಾಗ? ನನ್ನ ತರಗತಿಯಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಸ್ಕೇಲು ಬೆರಳ ನಡುವೆ ಸಿಕ್ಕಿಕೊಂಡ ಮೇಲೆ ಸಿಕ್ಕಿತು ಅಂತ ತಿಳಿಯಿತು, ಅಷ್ಟೇ.

ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಗಟ್ಟಿಯಾಗಿ ಎಣಿಸಿ: 100, 93, 86... ಎಣಿಸುತ್ತಿರುವಾಗಲೇ ಸ್ಕೇಲು ಬಿಡಲು ಹೇಳಿ. ಹಿಡಿದ ಅಂಕಿ ಮೇಲಕ್ಕೆ ಹೋಗುತ್ತದೆ, ಕೆಲವರ ಸ್ಕೇಲು ನೆಲಕ್ಕೇ ಬೀಳುತ್ತದೆ. ಫೋನಿನಲ್ಲಿ ಮಾತಾಡುತ್ತಾ ಓಡಿಸುವವನಿಗೆ ಆಗುವುದೂ ಇದೇ. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ.

ರಸ್ತೆಯಲ್ಲಿ ಸ್ಕೇಲಿನಷ್ಟು ಸಲೀಸಿಲ್ಲ. ಕಂಡದ್ದು ಏನೆಂದು ಗುರುತಾಗಬೇಕು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿಗೆ ಹೋಗಬೇಕು. ಅನಿರೀಕ್ಷಿತವಾಗಿ ಎದುರಾದದ್ದಕ್ಕೆ ಒಂದರಿಂದ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಹೋಗಿರುತ್ತದೆ, 80ರಲ್ಲಿ 22 ಮೀಟರ್. ಬ್ರೇಕು ಇನ್ನೂ ಶುರುವೇ ಆಗಿಲ್ಲ.

ಮೆದುಳಿನ ಪರೀಕ್ಷೆಗಳು ಹೇಳಿದ್ದೇನು

ಮೊಬೈಲಿನಲ್ಲಿ ವಿಡಿಯೋ ನೋಡಿದ ಹುಡುಗನೊಬ್ಬ ಕೇಳಿದ: "ಎಲ್ಲಾ ಮೆದುಳೇ ಮೊದಲು ಮಾಡುತ್ತಂತೆ ಸಾರ್, ಆಮೇಲೆ ನಮಗೆ ಹೇಳುತ್ತಂತೆ. ಹಂಗಾದ್ರೆ ತಪ್ಪು ನಂದು ಹೆಂಗಾಗುತ್ತೆ?" ಒಳ್ಳೆಯ ಪ್ರಶ್ನೆ. ಇದಕ್ಕೆ ಮೂಲ ಮೆದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಪರೀಕ್ಷೆ. 2.56 ಸೆಕೆಂಡಿಗೆ ಒಂದು ಸುತ್ತು ಹಾಕುವ ಬೆಳಕಿನ ಚುಕ್ಕಿಯನ್ನು ನೋಡುತ್ತಾ, ಮನಸ್ಸು ಬಂದಾಗ ಮಣಿಕಟ್ಟು ಅಲುಗಿಸಬೇಕು. "ಅಲುಗಿಸಬೇಕು ಅನ್ನಿಸಿದಾಗ ಚುಕ್ಕಿ ಎಲ್ಲಿತ್ತು" ಎಂದು ಆಮೇಲೆ ಹೇಳಬೇಕು. ಅನ್ನಿಸಿದ್ದು ಕೈ ಅಲುಗುವುದಕ್ಕೆ ಸುಮಾರು 0.2 ಸೆಕೆಂಡು ಮೊದಲು. ಆದರೆ ಮೆದುಳಿನ ವಿದ್ಯುತ್ ಸಿದ್ಧತೆ ಅರ್ಧ ಸೆಕೆಂಡಿಗೂ ಮೊದಲೇ ಶುರುವಾಗಿತ್ತು.

ಇದನ್ನು ಹಿಡಿದು "ಇಚ್ಛೆ ಎಂಬುದೇ ಇಲ್ಲ" ಎಂದವರಿದ್ದಾರೆ. ನನಗೆ ಅದು ದುಡುಕಿನ ತೀರ್ಮಾನ ಅನ್ನಿಸುತ್ತದೆ. ಆ ಸಿದ್ಧತೆ ಮೆದುಳಿನ ತೀರ್ಮಾನವೇ ಆಗಿರಬೇಕಿಲ್ಲ, ಸದಾ ಏರಿಳಿಯುವ ಅದರ ಚಟುವಟಿಕೆ ಒಂದು ಮಟ್ಟ ಮುಟ್ಟಿದ್ದರ ಗುರುತೂ ಇರಬಹುದು ಎಂದು ಆರನ್ ಶರ್ಗರ್ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದರು. 2019ರಲ್ಲಿ ಉರಿ ಮಾವೋಜ್ ತಂಡ, ಯಾವ ಸೇವಾ ಸಂಸ್ಥೆಗೆ ನಿಜವಾಗಿ ಹಣ ಹೋಗಬೇಕು ಎಂದು ಜನ ಯೋಚಿಸಿ ಆರಿಸುವಾಗ ಆ ಸಿದ್ಧತೆಯ ಗುರುತು ಕಾಣಲೇ ಇಲ್ಲ ಎಂದು ವರದಿ ಮಾಡಿತು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಸಂಗತಿ ಬೇರೆ. ಲಿಬೆಟ್ ಎದುರು ಕುಳಿತವರು ಕುರ್ಚಿಗೆ ಬರುವ ಮೊದಲೇ "ಕೈ ಅಲುಗಿಸುತ್ತೇನೆ" ಎಂದು ಒಪ್ಪಿಕೊಂಡೇ ಬಂದವರು. ದೊಡ್ಡ ತೀರ್ಮಾನ ಆಗಲೇ ಆಗಿತ್ತು, ಯಂತ್ರ ಅಳೆದದ್ದು ಅದರ ಬಾಲವನ್ನು.

ಚಾಲಕರಿಗೆ ನೇರ ಸಂಬಂಧಪಟ್ಟ ಪರೀಕ್ಷೆಯೊಂದು ಬರ್ಲಿನ್ನಿನಲ್ಲಿ ನಡೆಯಿತು. ಗಾಡಿಯ ಸಿಮ್ಯುಲೇಟರಿನಲ್ಲಿ ತುರ್ತು ಬ್ರೇಕ್ ಹಾಕುವವರ ಮೆದುಳಿನ ಸಂಕೇತವನ್ನು ಓದಿ, ಪೆಡಲ್ ಒತ್ತುವುದಕ್ಕೆ 0.13 ಸೆಕೆಂಡು ಮೊದಲೇ ಅವರ ಉದ್ದೇಶ ಹಿಡಿಯಬಹುದು ಎಂದು 2011ರಲ್ಲಿ ಕಂಡುಕೊಂಡರು. 100 ಕಿಲೋಮೀಟರ್ ವೇಗದಲ್ಲಿ ಅದು ಮೂರೂವರೆ ಮೀಟರಿಗಿಂತ ಹೆಚ್ಚು. ಕಾಲಿನ ಕೆಲಸ ಕಾಲಿಗಿಂತ ಮೊದಲು ಶುರುವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮ ಕಡೆ ಅಪಘಾತವಾದಾಗ "ಅವನ ಹಣೇಲಿ ಬರೆದಿತ್ತು" ಅನ್ನುವುದು ಹಳೆಯ ಮಾತು. "ಮೆದುಳು ಮಾಡಿಸಿತು" ಅನ್ನುವುದು ಹೊಸದು. ಎರಡನ್ನೂ ಒಂದೇ ಕೆಲಸಕ್ಕೆ ಬಳಸುವುದನ್ನು ಕಂಡು ನನಗೆ ನೋವಾಗುತ್ತದೆ, ಏಕೆಂದರೆ ಎರಡೂ ಮುಂದಿನ ಸಲ ಏನು ಮಾಡಬೇಕು ಎಂಬುದನ್ನು ಹೇಳುವುದಿಲ್ಲ.

ಆಯ್ಕೆ ಕೂತಿರುವ ಜಾಗ

ಕಾಲು ಆಡಿದ ಆ ಒಂದು ಸೆಕೆಂಡನ್ನು ಬಿಟ್ಟು ಹಿಂದಕ್ಕೆ ಬನ್ನಿ. ಐದು ಸೆಕೆಂಡು ಹಿಂದೆ ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರವಿತ್ತು? ಐದು ನಿಮಿಷ ಹಿಂದೆ ಬಂದ ಫೋನನ್ನು ಎತ್ತಿದಿರಾ? ಮೂರು ಗಂಟೆ ಹಿಂದೆ ಕಣ್ಣು ಎಳೆಯುತ್ತಿದ್ದಾಗ ಡಾಬಾದ ಮುಂದೆ ನಿಲ್ಲಿಸದೆ ಬಂದಿರಾ? ಇಲ್ಲೆಲ್ಲ ನಿಮಗೆ ಸಮಯವಿತ್ತು, ಅರಿವಿತ್ತು, ಬೇರೆ ದಾರಿಯೂ ಇತ್ತು. ಹೊಣೆ ಇರುವುದು ಅಲ್ಲಿ.

ಘಾಟಿಯಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವ ಲೋಡ್ ಲಾರಿಯನ್ನು ನೆನೆಸಿಕೊಳ್ಳಿ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಚಾಲಕರು ಹೇಳಿಕೊಡುತ್ತಿದ್ದರು. ಮೇಲೆಯೇ ಗೇರ್ ಇಳಿಸಿಕೊಂಡರೆ ಎಂಜಿನ್ನೇ ಲಾರಿಯನ್ನು ತಡೆಯುತ್ತದೆ. ದೊಡ್ಡ ಗೇರಿನಲ್ಲಿ ಬಿಟ್ಟುಕೊಂಡು ಬ್ರೇಕನ್ನೇ ಒತ್ತುತ್ತಾ ಬಂದರೆ ಡ್ರಮ್ಮು ಕಾದು ಹಿಡಿತ ಸೋಲುತ್ತದೆ. ಕೆಳಗಿನ ತಿರುವಿನಲ್ಲಿ ಕಾಲು ಪೆಡಲನ್ನು ನೆಲಕ್ಕೆ ಒತ್ತಿದರೂ ಲಾರಿ ನಿಲ್ಲುವುದಿಲ್ಲ. ಆಗ ಚಾಲಕ "ಬ್ರೇಕ್ ಫೇಲ್ ಆಯ್ತು, ನನ್ನ ಕೈಲೇನಿಲ್ಲ" ಅನ್ನುತ್ತಾನೆ. ಆ ತಿರುವಿನಲ್ಲಿ ಅವನ ಕೈಯಲ್ಲಿ ಏನೂ ಇರಲಿಲ್ಲ, ನಿಜ. ಘಾಟಿಯ ತಲೆಯಲ್ಲಿ ಎಲ್ಲವೂ ಇತ್ತು.

ಕಾನೂನೂ ಹೀಗೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ದುಡುಕು ಅಥವಾ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಕಾಲು ನಿಧಾನವಾಯಿತು ಎಂದು ಯಾರನ್ನೂ ಶಿಕ್ಷಿಸುವುದಿಲ್ಲ. ವೇಗ, ಕುಡಿತ, ಫೋನು, ರಾಂಗ್ ಸೈಡು, ಹೀಗೆ ಕಾಲಿಗೆ ಸಮಯ ಸಿಗದಂತೆ ಮಾಡಿದ್ದನ್ನು ವಿಚಾರಿಸುತ್ತದೆ.

ಕಾಲಿಗೆ ಮೊದಲೇ ಹೇಳಿಟ್ಟುಕೊಳ್ಳುವುದು

ಅರಿವು ಹಿಂದೆ ಬೀಳುತ್ತದೆ ಎಂದಾದರೆ ಕಾಲಿಗೆ ಮೊದಲೇ ಪಾಠ ಕೊಟ್ಟಿರಬೇಕು. ನನ್ನ ತರಗತಿಯಲ್ಲಿ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತದೆ. "ಹುಷಾರಾಗಿ ಓಡಿಸುತ್ತೇನೆ" ಎಂಬ ಸಂಕಲ್ಪ ಕಾಲಿಗೆ ಅರ್ಥವಾಗುವುದಿಲ್ಲ. "ಇಂಥದ್ದು ಕಂಡರೆ ಇಂಥದ್ದು ಮಾಡುತ್ತೇನೆ" ಎಂಬ ವಾಕ್ಯ ಅರ್ಥವಾಗುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಈ ಬಗೆಯ ಸಂಕಲ್ಪಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ನೋಡಿ, ಬರೀ ಗುರಿ ಇಟ್ಟುಕೊಳ್ಳುವುದಕ್ಕಿಂತ "ಹೀಗಾದರೆ–ಆಗ ಹೀಗೆ" ಎಂದು ಕಟ್ಟಿಕೊಂಡ ಸಂಕಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು.

ನಾನು ಕಂಠಪಾಠ ಮಾಡಿಸುವ ಕೆಲವು: ನಿಂತ ಬಸ್ಸು ಕಂಡರೆ ಕಾಲು ಬ್ರೇಕಿನ ಮೇಲೆ, ವೇಗ 20ಕ್ಕೆ. ಚೆಂಡು ಉರುಳಿ ಬಂದರೆ ಹಿಂದೆ ಮಗು ಇದೆ ಎಂದೇ ಲೆಕ್ಕ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ, ಮುಂದೆ ದೀಪವಿಲ್ಲದ ಟ್ರ್ಯಾಕ್ಟರ್ ಇದೆ ಎಂದೇ ಲೆಕ್ಕ. ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿದ್ದರೆ ಅದರ ಮೇಲೆ ಬ್ರೇಕು ಬೇಡ, ಅದು ಬರುವ ಮೊದಲೇ ಬ್ರೇಕು. ನಾಯಿ ಅಡ್ಡ ಬಂದರೆ ಕಾಲು ಬ್ರೇಕಿಗೆ ಹೋಗಲಿ, ಕೈ ನಿಲ್ಲಲಿ. ಈ ಕೊನೆಯದನ್ನು ಮತ್ತೆ ಮತ್ತೆ ಹೇಳಿಸುತ್ತೇನೆ. ಪ್ರಾಣಿ ಕಂಡ ಕೂಡಲೇ ಸ್ಟೇರಿಂಗ್ ಎಳೆಯುವುದು ಕೈಯ ಹುಟ್ಟುಗುಣ. ಲಾರಿ ಮಗುಚುವುದೂ ಎದುರು ಬಂದ ಬೈಕಿಗೆ ಹೊಡೆಯುವುದೂ ಅದರಿಂದಲೇ. ಹುಟ್ಟುಗುಣವನ್ನು ಆ ಕ್ಷಣದಲ್ಲಿ ಗೆಲ್ಲಲಾಗದು, ತಿಂಗಳುಗಟ್ಟಲೆ ಮೊದಲೇ ಬೇರೆ ಅಭ್ಯಾಸ ಹಾಕಿಟ್ಟಿರಬೇಕು.

ಅಭ್ಯಾಸಕ್ಕೆ ದಾರಿ ಸುಲಭ. ಗಾಡಿ ಓಡಿಸುವಾಗ ಕಂಡದ್ದನ್ನು ಬಾಯಿಬಿಟ್ಟು ಹೇಳಿ: "ಎಡಕ್ಕೆ ಬಸ್ಸು, ಕಾಲು ಬ್ರೇಕಿಗೆ. ಶಾಲೆ ಗೇಟು, 20." ಪಕ್ಕದ ಸೀಟಿನಲ್ಲಿ ಕುಳಿತು ನಾನು ಕೇಳಿಸಿಕೊಳ್ಳುತ್ತೇನೆ. ಮಾತು ತಡವಾದರೆ ಕಣ್ಣು ತಡವಾಗಿ ನೋಡುತ್ತಿದೆ ಎಂದು ತಿಳಿಯುತ್ತದೆ. ಕೆಲವು ವಾರದ ಮೇಲೆ ಮಾತಿಗಿಂತ ಮೊದಲು ಕಾಲು ಹೋಗತೊಡಗುತ್ತದೆ. ಆಗ ಅರಿವಿಗೆ ಮೊದಲೇ ನಡೆಯುವ ಆ ಕೆಲಸವೂ ನಿಮ್ಮದೇ, ಏಕೆಂದರೆ ಕಲಿಸಿದವರು ನೀವು.

ಕೊನೆಯ ಗಳಿಗೆಯ ತಡೆ

ಹೊರಟ ಕಾಲನ್ನು ತಡೆಯಬಹುದೇ? ಸ್ವಲ್ಪ ಮಟ್ಟಿಗೆ. 2016ರಲ್ಲಿ ಬರ್ಲಿನ್ನಿನ ಸಂಶೋಧಕರು ಜನರಿಗೆ ಕಾಲಿನಿಂದ ಗುಂಡಿ ಒತ್ತಲು ಹೇಳಿ, ಮೆದುಳಿನಲ್ಲಿ ಸಿದ್ಧತೆ ಕಂಡೊಡನೆ ಕೆಂಪು ದೀಪ ಹಾಕಿದರು. ಚಲನೆಗೆ ಸುಮಾರು 0.2 ಸೆಕೆಂಡು ಇರುವವರೆಗೆ ಜನ ಅದನ್ನು ರದ್ದು ಮಾಡಬಲ್ಲವರಾಗಿದ್ದರು, ಆಮೇಲೆ ಆಗಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ಕೆಣಕಿದಾಗ, ಓವರ್‌ಟೇಕಿಗೆ ಕಾಲು ತುಡಿಯುವಾಗ ಈ ಸಣ್ಣ ಕಿಂಡಿ ಉಪಯೋಗಕ್ಕೆ ಬರುತ್ತದೆ. ಅದನ್ನೇ ನಂಬಿ ಕೂರಬೇಡಿ.

ಆದ ಮೇಲೆ

ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ. ಜನ ಮೈಮೇಲೆ ಬೀಳುವ ಪರಿಸ್ಥಿತಿ ಅಥವಾ ಅವನ ಕೈಮೀರಿದ ಬೇರೆ ಕಾರಣವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಪೊಲೀಸರಿಗೆ ಆದಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ ತಿಳಿಸಬೇಕು. ಕಾಲು ತಾನಾಗಿ ಹೋಗಿರಬಹುದು, ಓಡಿಹೋಗುವುದು ಮಾತ್ರ ತಾನಾಗಿ ಆಗುವುದಿಲ್ಲ. ಅಲ್ಲಿ ಯೋಚಿಸಲು ಸಮಯವಿದೆ.

ಆಮೇಲೆ, ಸಾಧ್ಯವಾದರೆ ಅದೇ ದಿನ, ಒಂದು ಹಾಳೆಯಲ್ಲಿ ಬರೆದಿಡಿ: ವೇಗ ಎಷ್ಟಿತ್ತು, ಮೊದಲು ಕಂಡಾಗ ಎಷ್ಟು ದೂರವಿತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಫೋನ್ ಎಲ್ಲಿತ್ತು. ನಂತರ ಲೆಕ್ಕ. ನಿಂತ ಬಸ್ಸಿನ ಮುಂದಿನಿಂದ ಮಗುವೊಂದು ನಿಮ್ಮ ಕಾರಿಗೆ 8 ಮೀಟರ್ ದೂರದಲ್ಲಿ ಓಡಿ ಬಂತು ಎನ್ನಿ. ಕಾಲಿಗೆ ಒಂದು ಸೆಕೆಂಡು ಬೇಕು ಎಂದೇ ಹಿಡಿಯಿರಿ. ನೀವು 40ರಲ್ಲಿದ್ದರೆ ಕಾಲು ಬ್ರೇಕಿಗೆ ತಾಗುವ ಮೊದಲೇ 11 ಮೀಟರ್ ಹೋಗಿರುತ್ತೀರಿ. ಯಾವ ಕಾಲೂ ಉಳಿಸಲಾರದು. 20ರಲ್ಲಿದ್ದರೆ ಆ ಸೆಕೆಂಡಿಗೆ ಐದೂವರೆ ಮೀಟರ್, ಒಣ ರಸ್ತೆಯಲ್ಲಿ ಬ್ರೇಕಿಗೆ ಇನ್ನೆರಡು ಮೀಟರ್ ಚಿಲ್ಲರೆ. ಗಾಡಿ ನಿಲ್ಲುತ್ತದೆ. ಹಾಗಾದರೆ ನಿಮ್ಮ ಹೊಣೆ ಬಸ್ಸಿನ ಪಕ್ಕದಲ್ಲಿ 40ರಲ್ಲಿ ಹೋದದ್ದು. ಅದನ್ನು ಒಪ್ಪಿಕೊಳ್ಳಬೇಕು.

ನೀವು 20ರಲ್ಲೇ ಇದ್ದು ಮಗು 4 ಮೀಟರಿನಲ್ಲಿ ಹಾರಿ ಬಂದಿದ್ದರೆ? ಅದೇ ಲೆಕ್ಕ ಈಗ ನಿಮ್ಮನ್ನು ಬಿಡಿಸುತ್ತದೆ. ದುಃಖ ಇದ್ದೇ ಇರುತ್ತದೆ, ಇರಲಿ, ಮನುಷ್ಯರಾದ ಮೇಲೆ ಅದು ಬೇಕು. ಆದರೆ "ಇನ್ನೂ ಬೇಗ ಒತ್ತಬೇಕಿತ್ತು" ಎಂದು ಕಾಲನ್ನು ಶಪಿಸುತ್ತಾ ಬದುಕಬೇಡಿ. ಮನುಷ್ಯರ ಕಾಲಿಗೆ ಆಗದ್ದನ್ನು ನಿಮ್ಮ ಕಾಲಿನಿಂದ ಕೇಳುವುದು ನ್ಯಾಯವಲ್ಲ. ಹೀಗೆ ಒಳಗೊಳಗೇ ಕೊರಗಿ ಕೆಲಸ ಬಿಟ್ಟವರನ್ನು ಕಂಡಿದ್ದೇನೆ. ಅವರಿಗೆ ಯಾರೂ ಈ ಲೆಕ್ಕ ಹಾಕಿ ತೋರಿಸಿರಲಿಲ್ಲ.

ಹಾಳೆಯಲ್ಲಿ ಇನ್ನೊಂದು ಸಾಲು ಬಿಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎನ್ನುತ್ತಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅಷ್ಟು ಹೊತ್ತನ್ನು ಮೀರಿ ಓಡಿಸಲು ಹೇಳಿದವರಿದ್ದರೆ ಯಾರು, ಎಷ್ಟು ಹೊತ್ತಿಗೆ ಫೋನ್ ಮಾಡಿ ಹೇಳಿದರು ಎಂದು ಅಲ್ಲಿ ಬರೆಯಿರಿ. ಆ ಫೋನು ಮಾಡುವಾಗ ಅವರಿಗೂ ಯೋಚಿಸಲು ಬೇಕಾದಷ್ಟು ಸಮಯವಿತ್ತು.