ಬಾಡಿಗೆ ಮನೆ ಬಾಲ್ಕನಿಗೆ ಸೋಲಾರ್ ಕಟ್ಟಿದ್ದು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮದು ಮೂರನೇ ಮಹಡಿ, ಬಾಡಿಗೆ ಮನೆ. ಬಾಲ್ಕನಿ ದಕ್ಷಿಣಕ್ಕಿದೆ. ಬೇಸಿಗೆಯಲ್ಲಿ ಸಂಡಿಗೆ ಒಣಗುವಷ್ಟು ಬಿಸಿಲು. ಅಲ್ಲೊಂದು ಸೋಲಾರ್ ಕಟ್ಟೋಣ ಅಂತ 2023ರಲ್ಲೇ ಓನರ್‌ನ ಕೇಳಿದ್ದೆ. ಕಟ್ಟಡದ ಅಂದ ಕೆಡುತ್ತದೆ ಅಂದುಬಿಟ್ಟರು.

2024ರ ಅಕ್ಟೋಬರ್‌ನಲ್ಲಿ ಕಾನೂನು ಬದಲಾಯಿತು. ಸರಿಯಾದ ಕಾರಣ ಇಲ್ಲದೆ ಓನರ್ ಬೇಡ ಅನ್ನುವ ಹಾಗಿಲ್ಲ. ಮತ್ತೆ ಪತ್ರ ಬರೆದೆ. ಈ ಸಲ ಅವರು ಕೇಳಿದ್ದು ಎರಡೇ: ಗಟ್ಟಿಯಾಗಿ ಬಿಗಿಯಬೇಕು, ಇನ್ಶೂರೆನ್ಸ್ ಇರಬೇಕು. ನ್ಯಾಯವೇ, ಗಾಳಿಗೆ ಪ್ಯಾನೆಲ್ ಕೆಳಗೆ ಬಿದ್ದರೆ ಗತಿಯೇನು?

430 ವ್ಯಾಟ್‌ನ ಎರಡು ಪ್ಯಾನೆಲ್ ತಂದೆ. ಮಿತಿ 800 ವ್ಯಾಟ್ ಅಲ್ವಾ ಅಂತ ಗೆಳೆಯ ಗಾಬರಿಯಾದ. ಆ ಮಿತಿ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ, ಹೊರಗೆ ಕೊಡುವ ಕರೆಂಟಿಗೆ. ಪ್ಯಾನೆಲ್‌ಗಳು ಒಟ್ಟು 2000 ವ್ಯಾಟ್‌ವರೆಗೆ ಇರಬಹುದು. 2024ರ ಮೇಗೆ ಮುಂಚೆ ಇನ್ವರ್ಟರ್ ಮಿತಿ 600 ಇತ್ತು, ಕರೆಂಟ್ ಕಂಪನಿಗೂ ಬೇರೆ ತಿಳಿಸಬೇಕಿತ್ತು. ಈಗ ಸರ್ಕಾರದ ಒಂದು ಆನ್‌ಲೈನ್ ಪಟ್ಟಿಯಲ್ಲಿ ತಿಂಗಳೊಳಗೆ ಹೆಸರು ಸೇರಿಸಿದರೆ ಮುಗಿಯಿತು. ಆ ಪಟ್ಟಿಯ ಹೆಸರು ಮಾರ್ಕ್ಟ್‌ಸ್ಟಾಮ್‌ಡಾಟೆನ್‌ರೆಗಿಸ್ಟರ್. ಫಾರ್ಮ್ ತುಂಬುವುದಕ್ಕಿಂತ ಅದನ್ನು ಹೇಳುವುದೇ ಕಷ್ಟ!

ಕಟ್ಟಲು ಒಂದು ಶನಿವಾರ ಹಿಡಿಯಿತು. ಪ್ಲಗ್ ಗೋಡೆಯ ಸಾಕೆಟ್‌ಗೇ ಹಾಕಿದೆ, ಸೋಲಾರ್ ಕರೆಂಟ್ ಅದರ ಮೂಲಕವೇ ಮನೆಯ ವೈರಿಂಗ್‌ಗೆ ಸೇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಮಾತ್ರ ಹಾಕಬೇಡಿ, ಬಿಸಿಯಾಗುತ್ತದೆ. ಕೆಳಗೆ ಓಡಿ ಮೀಟರ್ ನೋಡಿದರೆ ಹಳೇ ಚಕ್ರ ಹಿಂದಕ್ಕೆ ತಿರುಗುತ್ತಿದೆ! ಹೊಸ ಮೀಟರ್ ಹಾಕುವವರೆಗೆ ಕಾನೂನೇ ಇದನ್ನು ಒಪ್ಪುತ್ತದೆ. ಆ ಖುಷಿ ಜಾಸ್ತಿ ದಿನ ಉಳಿಯಲಿಲ್ಲ, ಡಿಜಿಟಲ್ ಮೀಟರ್ ಬಂತು. ಈಗ ನಾವು ಬಳಸದೆ ಹೊರಗೆ ಹೋದ ಕರೆಂಟಿಗೆ ಬಿಡಿಗಾಸೂ ಇಲ್ಲ. ಅದಕ್ಕೇ ವಾಷಿಂಗ್ ಮಷಿನ್ ಮಧ್ಯಾಹ್ನಕ್ಕೆ ಬಂದಿದೆ.

ಅಮೆರಿಕದ ಯೂಟಾ ರಾಜ್ಯ 2025ರಲ್ಲಿ ಇಂಥದ್ದೇ ಕಾನೂನು ತಂದಿತು. ಅಲ್ಲಿ ಮಿತಿ 1200 ವ್ಯಾಟ್. ಅಲ್ಲಿರುವ ನಮ್ಮ ಭಾವ ಈಗ ದಿನಾ ಫೋನ್ ಮಾಡಿ ತಲೆ ತಿನ್ನುತ್ತಾರೆ.

ಹಾಸನದಿಂದ ಅಮ್ಮನೂ ಕೇಳಿದಳು, "ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತೇನೋ?"

"ಇಲ್ಲಮ್ಮ, ಕರೆಂಟ್ ಹೋದ್ರೆ ಇದೂ ನಿಂತುಹೋಗುತ್ತೆ."

"ಮತ್ತೆ ಅದ್ಯಾವ ಸೀಮೆ ಸೋಲಾರೋ?"

ಲೈನ್ ಆಫ್ ಮಾಡಿ ಕೆಲಸಕ್ಕೆ ನಿಂತ ಲೈನ್‌ಮನ್‌ಗೆ ನಮ್ಮ ಬಾಲ್ಕನಿಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ ಅಂದೆ. ಅರ್ಧ ಒಪ್ಪಿಕೊಂಡಳು.