ಕಾರಿನ ಮುಂಗಾಜು ಬದಲಿಸಿದ ಮೇಲೆ ಅಂಚನ್ನು ನೋಡಿ

ಕಲಬುರಗಿಯ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರಿಗೆ ಜಲ್ಲಿ ಸಿಡಿದು ಮುಂಗಾಜು ಬಿರುಕು ಬಿಡುವುದು ಹೊಸದಲ್ಲ. ಗಾಜು ಬದಲಿಸಿದವರು ದಯವಿಟ್ಟು ಹಣ ಕೊಡುವ ಮುನ್ನವೇ ಅದರ ಸುತ್ತಲಿನ ಅಂಚನ್ನು ಹಗಲು ಬೆಳಕಿನಲ್ಲಿ ನೋಡಿ. ಹಳೆಯ ಅಂಟನ್ನು ಕೊಯ್ದು ತೆಗೆಯುವಾಗ ಬ್ಲೇಡ್ ತಗುಲಿ ಬಣ್ಣ ಕಿತ್ತುಹೋಗಿರಬಹುದು. ಗೀರು ಕೂದಲೆಳೆಯಷ್ಟೇ ಇದ್ದರೂ ತಗಡು ಕಂಡರೆ ಬಿಡಬೇಡಿ. ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಹಿಡಿದು, ಅಂಟಿನ ಹಿಡಿತ ಸಡಿಲಗೊಂಡು, ನೀರು ಒಳಗೆ ಇಳಿಯುತ್ತದೆ. ಪ್ರೈಮರ್ ಹಚ್ಚಿಸಿ, ಬಣ್ಣ ಹಾಕಿಸಿ. ಬರೀ ಪಾಲಿಶ್ ಮಾಡಿಕೊಡುತ್ತೇವೆ ಎಂದರೆ ಖಂಡಿತ ಒಪ್ಪಬೇಡಿ.

ಡ್ಯಾಶ್‌ಬೋರ್ಡ್, ವೈಪರ್, ಕ್ಲಿಪ್‌ಗಳನ್ನೂ ನೋಡಿ. ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುಂಚೆಯೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟಿದ್ದರೆ ವಾದಕ್ಕೆ ಜಾಗವಿರುವುದಿಲ್ಲ. ದೋಷ ಕಂಡರೆ ಬಾಯಿಮಾತು ಬೇಡ, ಜಾಬ್ ಕಾರ್ಡ್ (ಗ್ಯಾರೇಜಿನ ಕೆಲಸದ ಚೀಟಿ) ಮೇಲೆ ಬರೆಸಿ ಸಹಿ ಹಾಕಿಸಿ. ವಿಮೆಯಲ್ಲಿ ಮಾಡಿಸಿದ್ದರೆ ಆ ಕಂಪನಿಗೂ ಅಂದೇ ತಿಳಿಸಿ.

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಗಾಜಿನ ಮೇಲಂಚಿಗೆ ಪೈಪಿನಿಂದ ನಿಧಾನವಾಗಿ ನೀರು ಬಿಟ್ಟು, ಒಳಗೆ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿ. ತೇವ ತಗುಲಿದರೆ ಮತ್ತೆ ಕೂರಿಸಿಕೊಡಲೇಬೇಕು.

ಗ್ಯಾರೇಜಿನವರು ಕಿವಿಗೊಡದಿದ್ದರೆ ಕಲಬುರಗಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.