ಕಾಫಿ ಕಣದಲ್ಲಿ ಕಲಿತ ಫಸ್ಟ್ ಟಚ್: ತೋಟದ ಹುಡುಗರನ್ನು ಅಕಾಡೆಮಿಗೆ ಕಳಿಸಿದ ನನ್ನ ಅನುಭವ

ಕೊಡಗು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ನಮಗೆಲ್ಲ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿದ್ದಾಪುರ, ಅಮ್ಮತ್ತಿ, ಸುಂಟಿಕೊಪ್ಪದ ಕಡೆ ಬಂದು ನೋಡಿ. ತೋಟದ ಲೈನ್ ಮನೆಗಳ ಮಕ್ಕಳು ಸಂಜೆ ಒದೆಯುವುದು ಫುಟ್‌ಬಾಲ್. ಆ ಮಕ್ಕಳಿಗೆ ನಾನು ವರ್ಷಗಳಿಂದ ಆಟ ಹೇಳಿಕೊಡುತ್ತಿದ್ದೇನೆ. ಕೆಲವರು ವೃತ್ತಿಪರ ಕ್ಲಬ್‌ಗಳ ಯೂತ್ ಅಕಾಡೆಮಿಗೆ ಆಯ್ಕೆಯಾದರು. ಒಬ್ಬ ಈಗ ರಿಸರ್ವ್ ತಂಡದಲ್ಲಿದ್ದಾನೆ, ಅಂದರೆ ಸೀನಿಯರ್ ತಂಡಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕ್ಲಬ್ ತಂಡದಲ್ಲಿ. ಹೇಗೆ ಕಳಿಸಿದ್ರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಮಕ್ಕಳು ಬೆಳೆಯುವುದು ಸೆವೆನ್ಸ್ ಆಡಿ. ಚಿಕ್ಕ ಮೈದಾನ, ಒಂದೊಂದು ತಂಡದಲ್ಲಿ ಏಳೇ ಜನ. ಚೆಂಡು ಸಿಕ್ಕ ಕೂಡಲೇ ಗೋಲಿನ ಕಡೆ ಬಾರಿಸಿದರೆ ಚಪ್ಪಾಳೆ ಬೀಳುತ್ತದೆ. ಧೈರ್ಯ, ದಮ್ಮು ಎರಡೂ ಬರುತ್ತವೆ. ಅಕಾಡೆಮಿ ಟ್ರಯಲ್ಸ್‌ನಲ್ಲಿ ಕಥೆ ಬೇರೆ. ಎಲ್ಲೆಲ್ಲಿಂದಲೋ ಬಂದ ಹುಡುಗರನ್ನು ಬೆರೆಸಿ ಹನ್ನೊಂದು ಜನರ ತಂಡ ಮಾಡುತ್ತಾರೆ. ಪಕ್ಕದಲ್ಲಿ ಆಡುವವನ ಹೆಸರೂ ಗೊತ್ತಿರುವುದಿಲ್ಲ. ಸಿಗುವ ಅರ್ಧ ಗಂಟೆಯೊಳಗೆ ಚೆಂಡು ಕಾಲಿಗೆ ಬರುವುದೇ ಅಪರೂಪ. ಹಾಗಾಗಿ ಬದಿಯಲ್ಲಿ ನಿಂತ ಕೋಚ್‌ಗಳು ಚೆಂಡು ಇಲ್ಲದಾಗ ಹುಡುಗ ಏನು ಮಾಡುತ್ತಾನೆ ಅಂತ ನೋಡುತ್ತಾರೆ. ಪಾಸ್ ಬರುವ ಮೊದಲು ತಲೆ ಎತ್ತಿ ಸುತ್ತ ನೋಡಿದನಾ? ಚೆಂಡು ಬಂದಾಗ ಕಾಲಿನ ಮೊದಲ ಸ್ಪರ್ಶ, ಅಂದರೆ ಮೊದಲ ಟಚ್, ಯಾವ ಕಡೆಗೆ? ಚೆಂಡು ಕಳೆದುಕೊಂಡ ಮೇಲೆ ಓಡಿದನಾ, ನಿಂತುಬಿಟ್ಟನಾ? ನಮ್ಮ ಹುಡುಗರು ಓಟದಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ತಲೆ ಎತ್ತುವ ಅಭ್ಯಾಸ ಮಾತ್ರ ಇರಲಿಲ್ಲ.

ಅದನ್ನು ಕಲಿಸೋಣ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೇ ಇರುವುದಿಲ್ಲ. ಕೆಸರಲ್ಲಿ ಚೆಂಡು ಉರುಳುವುದಿಲ್ಲ, ಇದ್ದಲ್ಲೇ ಕೂರುತ್ತದೆ. ಕೆಸರಲ್ಲಿ ಆಡಿ ಬೆಳೆದ ಹುಡುಗನಿಗೆ ಚೆಂಡನ್ನು ಎತ್ತಿ ಒದೆಯುವುದೇ ರೂಢಿ. ಟರ್ಫ್ ಮೇಲೆ ಅದೇ ಚೆಂಡು ಸರ್ರನೆ ಬಂದಾಗ ಕಾಲಿಗೆ ಬಡಿದು ಎಲ್ಲೋ ಹೋಗುತ್ತದೆ.

ಆಗ ಕಂಡಿದ್ದು ಕಾಫಿ ಕಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಒಣಗಿಸುವ ಸಿಮೆಂಟ್ ನೆಲ ಮಳೆಗಾಲದಲ್ಲಿ ಖಾಲಿ. ತೋಟದ ಸಾಹುಕಾರರ ಹತ್ತಿರ ಹೋಗಿ, "ಸಾಹುಕಾರ್ರೇ, ಕಣ ಸುಮ್ನೆ ಬಿದ್ದಿರುತ್ತೆ ಅಲ್ವಾ, ಭಾನುವಾರ ಹುಡುಗರಿಗೆ ಬಿಟ್ಟುಕೊಡಿ" ಅಂತ ಕೇಳಿದೆ. "ಪಾಚಿ ಕಟ್ಟಿದೆ ಮಾರಾಯ್ರೇ, ಜಾರಿ ಬಿದ್ರೆ?" ಅಂದರು. ಬ್ಲೀಚಿಂಗ್ ಪೌಡರ್ ಹಾಕಿ, ತೆಂಗಿನ ಪೊರಕೆಯಿಂದ ಹುಡುಗರೇ ಉಜ್ಜಿದರು. ಪ್ರತಿ ವಾರ ಉಜ್ಜಲೇಬೇಕು, ಕೊಡಗಿನ ಮಳೆಯಲ್ಲಿ ಪಾಚಿ ಮತ್ತೆ ಬರುತ್ತದೆ. ಸ್ಟಡ್ಸ್ ಬೇಡ, ರಬ್ಬರ್ ತಳದ ಕ್ಯಾನ್ವಾಸ್ ಶೂ ಸಾಕು. ಕಾಲು ಹಾಕಿ ಚೆಂಡು ಕಸಿಯುವ ಟ್ಯಾಕಲ್‌ಗೆ ಅವಕಾಶವೇ ಇಲ್ಲ.

ಕಣದ ಪಕ್ಕ ಗೋದಾಮಿನ ಗೋಡೆ. ಹುಡುಗ ಗೋಡೆಗೆ ಚೆಂಡು ಒದೆಯುತ್ತಾನೆ. ಅದು ವಾಪಸ್ ಬರುವಷ್ಟರಲ್ಲಿ ಭುಜದ ಮೇಲಿಂದ ಹಿಂದೆ ನೋಡಬೇಕು. ಹಿಂದೆ ನಾನು ಬೆರಳು ಎತ್ತಿ ನಿಂತಿರುತ್ತೇನೆ. ಎಷ್ಟು ಬೆರಳು ಅಂತ ಕೂಗಬೇಕು. ಬೆಸ ಸಂಖ್ಯೆ ಆದರೆ ಎಡಕ್ಕೆ, ಸಮ ಆದರೆ ಬಲಕ್ಕೆ, ಮೊದಲ ಟಚ್‌ನಲ್ಲೇ ಚೆಂಡನ್ನು ತಿರುಗಿಸಿಕೊಂಡು ಹೋಗಬೇಕು. ಶುರುವಿನಲ್ಲಿ ಬೆರಳು ನೋಡಿದರೆ ಚೆಂಡು ತಪ್ಪುತ್ತದೆ, ಚೆಂಡು ಹಿಡಿದರೆ ಬೆರಳು ತಪ್ಪುತ್ತದೆ. ಆಮೇಲೆ ನನ್ನ ಜಾಗದಲ್ಲಿ ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದೆ. ಅವನು ಯಾವ ಕಡೆಯಿಂದ ಒತ್ತಿ ಬರುತ್ತಾನೋ ನೋಡಿಕೊಂಡು, ಅದರ ವಿರುದ್ಧ ದಿಕ್ಕಿಗೆ ಹೊರಳಬೇಕು. ಒಂದು ಮಳೆಗಾಲ ಇಷ್ಟನ್ನೇ ಮಾಡಿದೆವು. ಬೇಸಿಗೆಯಲ್ಲಿ ಮೈದಾನಕ್ಕೆ ಇಳಿದಾಗ ಹುಡುಗರ ಕತ್ತು ತಾನಾಗೇ ತಿರುಗುತ್ತಿತ್ತು. ಅದನ್ನು ನೋಡಿ ನನಗಾದ ಖುಷಿ ಯಾವ ಕಪ್ ಗೆದ್ದಾಗಲೂ ಆಗಿರಲಿಲ್ಲ.

ಆಟದಷ್ಟೇ ತಲೆನೋವು ಕಾಗದಪತ್ರ. ಅಕಾಡೆಮಿಯಲ್ಲಿ ವಯಸ್ಸಿನ ಗುಂಪು ನಿರ್ಧಾರವಾಗುವುದು ಹುಟ್ಟಿದ ವರ್ಷದ ಮೇಲೆ, ಜನವರಿ 1ರಿಂದ ಲೆಕ್ಕ. ನಮ್ಮ ಕಡೆ ಜನನ ಪತ್ರದಲ್ಲಿ ಒಂದು ತಾರೀಖು, ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ್ದು ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಹುಟ್ಟಿ ಒಂದು ವರ್ಷ ದಾಟಿದ ಮೇಲೆ ಜನನ ನೋಂದಣಿ ಮಾಡಿಸಬೇಕಾದರೆ ಬರೀ ಅರ್ಜಿ ಸಾಲದು, ಆದೇಶ ಬೇಕು. ಅದಕ್ಕೆ ತಿಂಗಳುಗಟ್ಟಲೆ ಓಡಾಟ. ಈಗ ನನ್ನ ಹತ್ತಿರ ಹೊಸ ಹುಡುಗ ಬಂದರೆ ಮೊದಲು ಈ ಮೂರೂ ದಾಖಲೆ ತಾಳೆ ನೋಡುತ್ತೇನೆ. ವಯಸ್ಸು ಕಮ್ಮಿ ಬರೆಸಿ ಆಡಿಸುವ ಆಸೆ ತೋರಿಸುವವರೂ ಇದ್ದಾರೆ. ಮಗುವಿನ ಮೇಲೆ ಅಂಥ ಸುಳ್ಳು ಹೊರಿಸಲು ನಾನು ಒಪ್ಪುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದ ಮಕ್ಕಳು ಅದೇ ಗುಂಪಿನ ಜನವರಿ ಮಕ್ಕಳ ಮುಂದೆ ಸಣ್ಣಗೆ ಕಾಣುತ್ತಾರೆ, ನಿಜ. ಅವರಿಗೆ ಒಂದು ವರ್ಷ ಕಾಯಿರಿ ಅಂತ ಹೇಳುತ್ತೇನೆ.

ದುಡ್ಡು ಕೇಳುವವರ ಬಗ್ಗೆಯೂ ಎಚ್ಚರ ಬೇಕು. ದೇಶದ ಫುಟ್‌ಬಾಲ್ ನಡೆಸುವ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಅಕಾಡೆಮಿಗಳಿಗೆ ಸ್ಟಾರ್ ಕೊಟ್ಟು ಮಾನ್ಯತೆ ನೀಡುತ್ತದೆ. ಆ ಪಟ್ಟಿ ನೋಡದೆ ಯಾರಿಗೂ ಶುಲ್ಕ ಕಟ್ಟಬೇಡಿ.

ಈಗ ರಿಸರ್ವ್ ತಂಡದಲ್ಲಿರುವ ಹುಡುಗ ಅಕಾಡೆಮಿಗೆ ಆಯ್ಕೆ ಆದ ದಿನ ಅವನ ತಾಯಿ ಕೇಳಿದ್ದು ಎರಡೇ ಮಾತು. "ಸರ್, ಓದು ಏನಾಗುತ್ತೆ? ದೊಡ್ಡವನಾದ ಮೇಲೆ ವಾಪಸ್ ಕಳಿಸಿದ್ರೆ?" ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸು, ಕ್ಲಬ್‌ನವರೇ ಮೊದಲು ಹೇಳಬೇಕಾದ ವಿಷಯವನ್ನೇ ಕೇಳಿದರು. "ಅಕ್ಕ, ಹತ್ತನೇ ಕ್ಲಾಸ್ ಎನ್‌ಐಒಎಸ್ ಮುಕ್ತ ಶಾಲೆಯಲ್ಲಾದರೂ ಮುಗಿಸಬೇಕು ಅಂತ ಅವರ ಹತ್ತಿರ ಮಾತಾಡ್ತೀನಿ" ಅಂದೆ, ಮಾತಾಡಿದೆ. ಎರಡನೇ ಪ್ರಶ್ನೆಗೆ ಉತ್ತರ ರಿಸರ್ವ್ ತಂಡದಲ್ಲಿದೆ.

ಹದಿನೇಳು, ಹದಿನೆಂಟಕ್ಕೆ ಯೂತ್ ಲೀಗ್ ಮುಗಿಯುತ್ತದೆ. ಸೀನಿಯರ್ ತಂಡಕ್ಕೆ ಆ ವಯಸ್ಸಲ್ಲಿ ಮೈಕಟ್ಟು ಸಾಲದು. ಆ ನಡುವಿನ ವರ್ಷಗಳಲ್ಲಿ ಆಡಲು ಪಂದ್ಯ ಇಲ್ಲದಿದ್ದರೆ ಎಂಥ ಪ್ರತಿಭೆಯೂ ಬಾಡುತ್ತದೆ. ಬೆಂಗಳೂರು ಎಫ್‌ಸಿಯನ್ನು ನೋಡಿ. ಅವರ ರಿಸರ್ವ್ ತಂಡ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ದೊಡ್ಡವರ ಜೊತೆ ಆಡುತ್ತಾ ಬಂತು. 2022ರಲ್ಲಿ ಗೋವಾದಲ್ಲಿ ನಡೆದ ಎಳೆಯ ಆಟಗಾರರ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿತು. ಅದರ ಹಿಂದಿನ ವರ್ಷ ಡುರಾಂಡ್ ಕಪ್‌ಗೆ ಕ್ಲಬ್ ಬಹುಪಾಲು ಎಳೆಯರನ್ನೇ ಕಳಿಸಿತ್ತು, ನೌಶಾದ್ ಮೂಸಾ ಕೋಚ್. ಸೆಮಿಫೈನಲ್‌ವರೆಗೆ ಹೋದರು. ರೋಷನ್ ಸಿಂಗ್, ಶಿವಶಕ್ತಿ ನಾರಾಯಣನ್ ಇಬ್ಬರೂ ರಿಸರ್ವ್ ತಂಡದಲ್ಲಿ ಆಡಿ ಮೇಲೆ ಬಂದವರು. ಒಬ್ಬರ ಹಿಂದೆ ಒಬ್ಬರು ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಹಾಗಂತ ಎಲ್ಲರೂ ಮೇಲೆ ಬರುವುದಿಲ್ಲ. ರಿಸರ್ವ್‌ನಿಂದ ಸೀನಿಯರ್ ತಂಡ ಸೇರುವವರು ಕೆಲವೇ ಜನ. ಇದನ್ನು ನಾನು ಮನೆಯವರಿಗೆ ಮೊದಲೇ, ಬಿಡಿಸಿ ಹೇಳುತ್ತೇನೆ. ಯಾವ ಅಕಾಡೆಮಿಯೇ ಆಗಲಿ, ನಿಮ್ಮ ರಿಸರ್ವ್ ತಂಡ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತದೆ ಅಂತ ಕೇಳಿ. ಸರಿಯಾದ ಉತ್ತರ ಬರದಿದ್ದರೆ ನಾನು ಹುಡುಗನನ್ನು ಕಳಿಸುವುದಿಲ್ಲ.

ಈಗ ನಮ್ಮ ಊರಿನ ಕ್ಲಬ್ಬನ್ನೇ ಸರಿಯಾಗಿ ನೋಂದಣಿ ಮಾಡಿಸುವ ಕೆಲಸಕ್ಕೆ ಇಳಿದಿದ್ದೇವೆ. ಒಪ್ಪಂದದಲ್ಲಿರುವ ಆಟಗಾರ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ, ಆ ಹಣದಲ್ಲಿ ಶೇ 5ರಷ್ಟನ್ನು ಅವನಿಗೆ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕು ಅನ್ನುತ್ತದೆ ಫಿಫಾ ನಿಯಮ. ಹುಡುಗ ಯಾವ ವರ್ಷ ಎಲ್ಲಿ ಆಡಿದ ಅನ್ನುವುದು ದಾಖಲೆಯಲ್ಲಿದ್ದರೆ ಮಾತ್ರ ಅದು ಸಿಗುವುದು. ಆದ್ದರಿಂದ ಹನ್ನೆರಡು ತುಂಬುವ ವರ್ಷದಲ್ಲೇ ಪ್ರತಿ ಹುಡುಗನ ಹೆಸರು ನಮ್ಮ ಕ್ಲಬ್‌ನಡಿ ಬರೆಸಬೇಕು ಅಂತಿದ್ದೇವೆ. ಸದ್ಯಕ್ಕೆ ಅರ್ಜಿ ತುಂಬುತ್ತಿದ್ದೇವೆ.